ಅಪ್ಪಯ್ಯನ ಓಮ್ನಿ ಮತ್ತು ಸವೆದ ಬ್ರೇಕು

ಕಮ್ಮರಡಿಯ ನಮ್ಮನೆ ಅಂಗಳದಲ್ಲಿ ಒಂದು ಬಿಳಿ ಓಮ್ನಿ ಇದೆ. 2009ರಲ್ಲಿ ತಗೊಂಡಿದ್ದು. ಬಿಳಿ ಅಂತ ಹೇಳೋದು ಆರ್.ಸಿ. ಪುಸ್ತಕದಲ್ಲಿ ಹಾಗೆ ಬರೆದಿರೋದ್ರಿಂದ.. ಕಣ್ಣಿಗೆ ಕಾಣೋದು ಕೆಮ್ಮಣ್ಣಿನ ಬಣ್ಣವೇ. ಹಿಂದಿನ ಸೀಟು ಬಿಚ್ಚಿದರೆ ಅಡಿಕೆ ಮೂಟೆ ಹೊರುವ ಗಾಡಿ, ಹಾಕಿದರೆ ಮದುವೆಮನೆಗೆ ಹೋಗುವ ಗಾಡಿ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬ್ಯುಲೆನ್ಸು. ಕಂಪನಿಯವರು 2019ರಲ್ಲಿ ಓಮ್ನಿ ಮಾಡೋದನ್ನೇ ನಿಲ್ಲಿಸಿಬಿಟ್ಟರು. ಆ ಸುದ್ದಿ ಓದಿ ಹೇಳಿದಾಗ ಅಪ್ಪಯ್ಯ, "ಅವ್ರು ನಿಲ್ಸಿದ್ರೆ ಎಂತಾತು, ನಾ ನಿಲ್ಸಲ್ಲ" ಅಂದಿದ್ದ.

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿಗೆ ಫೋನ್ ಬಂತು. "ಮತ್ತೆ ಬ್ರೇಕ್ ಹೋತು ಮಾರಾಯ. ಆ ಗ್ಯಾರೇಜಿನವ ಡೂಪ್ಲಿಕೇಟ್ ಪ್ಯಾಡ್ ಹಾಕಿ ಟೋಪಿ ಹಾಕ್ದ."

ಮೊದಲ ಜೊತೆ ಪ್ಯಾಡು 30 ಸಾವಿರ ಕಿಲೋಮೀಟರ್ ದಾಟಿ ಬಾಳಿತ್ತು. ಈ ಸಲದ್ದು 8 ಸಾವಿರಕ್ಕೇ ಕಥೆ ಮುಗಿಸಿತ್ತು. ಅದಕ್ಕೂ ಹಿಂದಿನದು ಹನ್ನೊಂದೋ ಹನ್ನೆರಡೋ ಸಾವಿರ. ನನಗೂ ಅಪ್ಪಯ್ಯ ಹೇಳಿದ್ದೇ ಸರಿ ಅನ್ನಿಸಿತು. ದೂರದಲ್ಲಿ ಕೂತವರಿಗೆ ಗ್ಯಾರೇಜಿನವರನ್ನು ಬೈಯೋದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ನೋಡಿ. ಆ ವಾರವೇ ಊರಿಗೆ ಹೋದೆ, ಜಗಳಕ್ಕೆ ತಯಾರಾಗಿಯೇ.

ಕೊಪ್ಪಕ್ಕೆ ಗಾಡಿ ಓಡಿಸಿಕೊಂಡು ಹೋಗುವಾಗ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಎಡಗಡೆ ಚಕ್ರದಿಂದ 'ಕರ್ರ್‌..' ಅಂತ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು. ಗ್ಯಾರೇಜಿನಲ್ಲಿ ನಾನು ಬಾಯಿ ತೆಗೆಯೋ ಮುಂಚೆಯೇ ಮೆಕ್ಯಾನಿಕ್ಕು ಚಕ್ರ ಬಿಚ್ಚಿ ಎರಡೂ ಪ್ಯಾಡನ್ನು ನನ್ನ ಅಂಗೈಗೆ ಹಾಕಿದರು. ಒಳಗಿನ ಪ್ಯಾಡಿನಲ್ಲಿ ಮಸಾಲೆಯೇ ಇಲ್ಲ, ಬರೀ ಕಬ್ಬಿಣದ ತಗಡು. ಹೊರಗಿನದ್ದು ಇನ್ನೂ ಅರ್ಧ ಇದೆ.

"ಡೂಪ್ಲಿಕೇಟ್ ಆಗಿದ್ರೆ ಎರಡೂ ಒಂದೇ ಸಮ ಹೋಗ್ಬೇಕಿತ್ತಲ್ಲ ಮಾರಾಯ್ರೆ?" ಅಂದರು.

ನನ್ನ ಜಗಳ ಅಲ್ಲಿಗೇ ಅರ್ಧ ಇಳಿಯಿತು. ಆಮೇಲೆ ಅವರು ತೋರಿಸಿದ್ದು ಇದು. ಡಿಸ್ಕನ್ನು ಎರಡು ಕಡೆಯಿಂದ ಅಪ್ಪಿ ಹಿಡಿಯೋದು ಕ್ಯಾಲಿಪರ್. ಅದರೊಳಗಿನ ಪಿಸ್ಟನ್ ಒಳಗಿನ ಪ್ಯಾಡನ್ನು ಮಾತ್ರ ತಳ್ಳುತ್ತೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನು ಎಳೆದು ಒತ್ತಬೇಕು. ನಮ್ಮ ಗಾಡಿಯಲ್ಲಿ ಆ ಪಿನ್ನಿನ ರಬ್ಬರ್ ಹರಿದು, ಒಳಗೆ ಮಳೆನೀರು, ಕೆಸರು ಸೇರಿ ತುಕ್ಕು ಹಿಡಿದು ಜಾಮ್ ಆಗಿತ್ತು. ಅಂದ್ರೆ ಇಬ್ಬರು ಹೊರಬೇಕಾದ ಮೂಟೆ ಒಬ್ಬನ ತಲೆಗೆ. ಸಾಲದ್ದಕ್ಕೆ ಕಾಲು ತೆಗೆದರೂ ಪ್ಯಾಡು ಪೂರ್ತಿ ಬಿಡದೆ ಡಿಸ್ಕಿಗೆ ತಾಗಿಕೊಂಡೇ ತಿರುಗೋದು. ಪಿನ್ನು ಉಜ್ಜಿ, ಬಿಸಿಗೆ ಕರಗದ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಹಾಕಿದರು. ಗೀರು ಬಿದ್ದಿದ್ದ ಡಿಸ್ಕನ್ನೂ ಬದಲಿಸಬೇಕಾಯ್ತು. ಪ್ಯಾಡಿಗಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯ್ತು.

ಇಷ್ಟೇ ಆಗಿದ್ದರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ಬಲಗಡೆ ಚಕ್ರವನ್ನೂ ಬಿಚ್ಚಿದರು. ಅಲ್ಲಿ ಪಿನ್ನು ಸರಿಯಾಗಿಯೇ ಜಾರುತ್ತಿತ್ತು. ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡೂ ಒಂದೇ ಸಮ ಇದ್ದವು. ಆದರೆ ಎರಡೂ ತೆಳ್ಳಗೆ, ಹಪ್ಪಳದ ಹಾಗೆ!

"ಇದು ಪಿನ್ನಿಂದಲ್ಲ.. ಕಾಲಿಂದು" ಅಂದವರು, ಬೆಂಚಿನ ಮೇಲೆ ಕೂತಿದ್ದ ಅಪ್ಪಯ್ಯನ ಕಡೆ ನೋಡದೆ ಕೈ ಒರೆಸಿಕೊಂಡರು. ಅಪ್ಪಯ್ಯ ಪೇಪರ್ ಓದ್ತಾ ಇದ್ದ. ಓದ್ತಾ ಇದ್ದ ಅಂತ ನಾನು ಅಂದುಕೊಂಡಿದ್ದೆ.

ನನಗೆ ಥಟ್ಟನೆ ಹೊಳೆದಿದ್ದು ಅಪ್ಪಯ್ಯನ ಹಳೇ ಚಟ. ಇಳಿಜಾರು ಸಿಕ್ಕ ಕೂಡಲೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕೋದು, ಪೆಟ್ರೋಲ್ ಉಳಿಯುತ್ತೆ ಅಂತ. ವಾಪಸ್ ಬರುವಾಗ ದಾರಿಯುದ್ದಕ್ಕೂ ಪಾಠ ಮಾಡಿದೆ. ಕಾರ್ಬೊರೇಟರ್ ಕಾಲದ ಲೆಕ್ಕ ಈಗ ನಡೆಯಲ್ಲ ಅಪ್ಪಯ್ಯ, ಇಂಜೆಕ್ಷನ್ ಇಂಜಿನ್‌ನಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲೇ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲೇ ಇಂಜಿನ್ ತಿರುಗೋದಕ್ಕೆ ಪೆಟ್ರೋಲ್ ಬೇಕು ಅಂತೆಲ್ಲ. ಆಗುಂಬೆ ಘಾಟಿಯ ಲೆಕ್ಕವನ್ನೂ ಹೇಳಿದೆ. ಜನ ತುಂಬಿದ ಓಮ್ನಿ 1200 ಕೆ.ಜಿ., ಇಳಿಯೋದು 500 ಮೀಟರ್ ಅಂತ ಇಟ್ಟುಕೊಂಡರೂ, ಅದಷ್ಟನ್ನೂ ಬ್ರೇಕೇ ತಡೆದರೆ ಹುಟ್ಟೋ ಶಾಖದಲ್ಲಿ ಬಚ್ಚಲ ಹಂಡೆಯ 17 ಲೀಟರ್ ತಣ್ಣೀರು ಕುದಿಯುತ್ತೆ! ಆ ಭಾರವನ್ನು ಇಂಜಿನ್ನು ಹೊರಬೇಕು, ಹತ್ತೋ ಗೇರಲ್ಲೇ ಇಳಿಯಬೇಕು. ಅಪ್ಪಯ್ಯ ಎಲ್ಲಕ್ಕೂ "ಹೂಂ" ಅಂದ. ಅಷ್ಟು ಸುಲಭಕ್ಕೆ ಹೂಂ ಅನ್ನೋ ಮನುಷ್ಯನೇ ಅಲ್ಲ. ಅವಾಗ್ಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ದಿನ ಬಿಟ್ಟು ಅಮ್ಮನ ಮೊಣಕಾಲು ತೋರಿಸೋಕೆ ಮಣಿಪಾಲಕ್ಕೆ ಹೊರಟೆವು. "ನಾನೇ ಬಿಡ್ತೇನೆ" ಅಂತ ಅಪ್ಪಯ್ಯ ಸ್ಟೇರಿಂಗ್ ಹಿಡಿದ. ನಾನು ಪಕ್ಕದಲ್ಲಿ, ಅಮ್ಮ ಹಿಂದೆ. ಬೆಳಗಿನ ಮಂಜು, ಜೊತೆಗೆ ಜಿಟಿಜಿಟಿ ಮಳೆ. ಆಗುಂಬೆಯ ಹದಿನಾಲ್ಕು ತಿರುವು. ನಾನು ರಸ್ತೆ ನೋಡೋದು ಬಿಟ್ಟು ಅಪ್ಪಯ್ಯನ ಕಾಲನ್ನೇ ನೋಡ್ತಾ ಕೂತೆ.

ಗಾಡಿ ಎರಡನೇ ಗೇರಲ್ಲೇ ಇತ್ತು. ನ್ಯೂಟ್ರಲ್ ಇಲ್ಲ, ಎಂತದೂ ಇಲ್ಲ. ಆದರೆ ಬಲಗಾಲು ಬ್ರೇಕ್ ಮೇಲಿಂದ ಏಳಲೇ ಇಲ್ಲ. ಎದುರಿಂದ ಬಸ್ಸಿನ ಲೈಟು ಬಿದ್ದಾಗೆಲ್ಲ ಮುಂದಕ್ಕೆ ಬಗ್ಗಿ, ಸ್ಟೇರಿಂಗನ್ನು ಎದೆಗೆ ಅವುಚಿಕೊಂಡು, ಗಾಡಿ ಪೂರ್ತಿ ನಿಲ್ಲಿಸಿಬಿಡ್ತಿದ್ದ. ಹಿಂದಿನವರು ಹಾರ್ನ್ ಹೊಡೀತಿದ್ರು. "ಈಗೀಗ ಹಿಂಗೇ" ಅಂದಳು ಅಮ್ಮ, ಮೆಲ್ಲಗೆ.

ಸೋಮೇಶ್ವರದಲ್ಲಿ ಸುಟ್ಟ ವಾಸನೆ ಬಂತು. ಬದಿಗೆ ನಿಲ್ಲಿಸಿ, ಬ್ರೇಕ್ ತಣಿಯಲಿ ಅಂತ ಕೆಳಗಿಳಿದೆವು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಪ್ಪಯ್ಯನೇ ಶುರು ಮಾಡಿದ.

"ಎದುರು ಲೈಟ್ ಬಿದ್ರೆ ಎಂತದೂ ಕಾಣ್ಸಲ್ಲ. ಬೆಳ್ಳಗೆ ಆಗ್ಬಿಡ್ತು. ಎರಡು ವರ್ಷ ಆತು."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೀಲಿ ಇಸ್ಕೊಳ್ತಿದ್ದೆ."

ನಿಜ, ಇಸ್ಕೊಳ್ತಿದ್ದೆ. ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮನೆಯಿಂದ ಟಾರು ರಸ್ತೆಗೆ ಏರುದಾರಿ, ಅಮ್ಮನಿಗೆ ಆ ಮೊಣಕಾಲಲ್ಲಿ ಹತ್ತೋಕಾಗಲ್ಲ. ಕೀಲಿ ನನ್ನ ಜೇಬಿಗೆ ಬಂದ ದಿನ ಇವರಿಬ್ಬರ ಪೇಟೆ, ಬ್ಯಾಂಕು, ಮದುವೆಮನೆ ಎಲ್ಲ ನಿಂತ ಹಾಗೆ. ನಾನು ಬೆಂಗಳೂರಲ್ಲಿ ಕೂತು "ಜೋಪಾನ ಅಪ್ಪಯ್ಯ" ಅಂತ ಫೋನಲ್ಲಿ ಹೇಳ್ತಾ ಇದ್ದೆ. ಅವನು ಎರಡು ವರ್ಷದಿಂದ ಜೋಪಾನವಾಗಿಯೇ ಇದ್ದ, ಪ್ಯಾಡು ಸವೆಸಿಕೊಂಡು.

ಅವತ್ತು ಅಮ್ಮನ ಮೊಣಕಾಲಿನ ಜೊತೆಗೆ ಅಪ್ಪಯ್ಯನ ಕಣ್ಣನ್ನೂ ತೋರಿಸಿದೆವು. ಎರಡಕ್ಕೂ ಪೊರೆ. ಒಂದಾದ ಮೇಲೊಂದು ಆಪರೇಶನ್ ಆಯ್ತು. ಡಾಕ್ಟರು ಇನ್ನು ಓಡಿಸಬಹುದು ಅನ್ನುವವರೆಗೂ ಓಮ್ನಿ ಅಂಗಳದಲ್ಲೇ ಇತ್ತು. ಅಷ್ಟು ದಿನ ಪಕ್ಕದ ಮನೆ ಹುಡುಗ ಬಂದು ಸ್ಟಾರ್ಟ್ ಮಾಡಿ ಹೋಗ್ತಿದ್ದ. ಈಗ ನಮ್ಮಲ್ಲಿ ಒಪ್ಪಂದ ಆಗಿದೆ. ಕತ್ತಲಾದ ಮೇಲೆ ಓಡಿಸೋ ಹಾಗಿಲ್ಲ, ಘಾಟಿ ಇಳಿಯೋದಿದ್ದರೆ ನಾನೇ ಬರಬೇಕು. ಹಗಲು ಕೊಪ್ಪ, ಹರಿಹರಪುರ ಅವನ ಸಾಮ್ರಾಜ್ಯ.

ನಿಮ್ಮೂರಲ್ಲೂ ಇಂಥದೊಂದು ಗಾಡಿ ಇದ್ದರೆ ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿಸಿ ಕ್ಯಾಲಿಪರ್ ಪಿನ್ನು ನೋಡಿಸಿ. ಬ್ರೇಕ್ ಆಯಿಲನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯಲ್ಲಿರೋ ನೀರನ್ನು ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕಡಿಮೆಯೆಂದರೂ 205 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ್ದಕ್ಕೆ ಆ ಮಿತಿ 140 ಡಿಗ್ರಿಗೇ ಇಳಿಯುತ್ತೆ. ಕುದ್ದು ಆವಿಯಾದರೆ ಪೆಡಲ್ ಸೀದಾ ತಳಕ್ಕೆ. ಹಾಗೆಯೇ, ಎರಡೂ ಪ್ಯಾಡು ಒಂದೇ ಸಮ ಬೇಗ ಸವೆದಿದ್ದರೆ ಓಡಿಸುವವರ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬನ್ನಿ. ಪಾಠ ಆಮೇಲೆ ಮಾಡಿದರಾಯ್ತು.

ಕಳೆದ ವಾರ ಗ್ಯಾರೇಜಿಗೆ ಹೋಗಿದ್ದೆ. ಪ್ಯಾಡು ಇನ್ನೂ ದಪ್ಪಗಿವೆ. ಆವತ್ತು ಅನುಮಾನ ಪಟ್ಟಿದ್ದಕ್ಕೆ ಮೆಕ್ಯಾನಿಕ್ಕಿನ ಹತ್ರ ತಪ್ಪಾಯ್ತು ಅಂದೆ, ಅವರು ನಕ್ಕರು. ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದರೆ ಪೇಪರಿಂದ ತಲೆಯನ್ನೂ ಎತ್ತದೆ (ಈಗ ನಿಜವಾಗ್ಲೂ ಓದ್ತಾನೆ) ಅಂದ:

"ಈ ಸಲ ಒರಿಜಿನಲ್ ಹಾಕಿದಾನೆ, ಅದ್ಕೇ."