ಬಲ್ಹರಾನ ಊರಿನಿಂದ ಬಹ್ರೇನಿಗೆ

ನಮ್ಮ ಮಳಖೇಡದ ಹೆಸರು ಅರಬರ ಪುಸ್ತಕಗಳಲ್ಲಿ ‘ಮಾನಕೀರ್’ ಎಂದು ಬಂದಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕ್ರಿ. ಶ. 851ರಲ್ಲಿ ಸಿದ್ಧವಾದ, ಸುಲೈಮಾನನೆಂಬ ವರ್ತಕನ ಹೆಸರಿನೊಡನೆ ಸೇರಿಕೊಂಡಿರುವ ವೃತ್ತಾಂತವು ಲೋಕದ ನಾಲ್ವರು ಮಹಾರಾಜರನ್ನು ಎಣಿಸುತ್ತದೆ. ಬಗದಾದಿನ ಖಲೀಫನು, ಚೀನದ ಅರಸನು, ರೂಮಿನ ಅರಸನು; ಇವರ ತರುವಾಯ, ಕಿವಿ ಚುಚ್ಚಿಸಿಕೊಂಡ ಜನರ ಒಡೆಯನಾದ ‘ಬಲ್ಹರಾ’ನು. ಬಲ್ಹರಾ ಎಂದರೆ ವಲ್ಲಭರಾಜ. ಆ ವರ್ಷ ಮಾನ್ಯಖೇಟದ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಬಲ್ಹರಾ ಅರಸರು ಬಹುಕಾಲ ಆಳುವುದಕ್ಕೆ ಅರಬರ ಮೇಲೆ ಅವರಿಗಿರುವ ಪ್ರೀತಿಯೇ ಕಾರಣವೆಂದು ಪ್ರಜೆಗಳು ನಂಬುವರಂತೆ! ಅರುವತ್ತಕ್ಕೂ ಮಿಕ್ಕ ವರ್ಷ ಆಳಿದ ನೃಪತುಂಗನು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ. ಸರಕು ಮಾರಿಹೋದ ನಾಡೆಲ್ಲ ತನ್ನನ್ನು ಪ್ರೀತಿಸುವ ನಾಡಾಗಿ ವರ್ತಕನಿಗೆ ಕಾಣುವುದು ಸಹಜವಷ್ಟೆ.

ಆದರೂ ಆ ಮಾತು ಬರಿಯ ಹೊಗಳಿಕೆಯಲ್ಲ. ಕೊಂಕಣದ ಸಂಜಾನ ಪ್ರಾಂತವನ್ನು ರಾಷ್ಟ್ರಕೂಟರ ಪರವಾಗಿ ಮಧುಮತಿಯೆಂಬ ತಾಜಿಕನು, ಎಂದರೆ ಮಹಮ್ಮದನೆಂಬ ಅರಬನು, ಆಳುತ್ತಿದ್ದುದನ್ನು 926ರ ಚಿಂಚಣಿಯ ತಾಮ್ರಶಾಸನವು ಹೇಳುತ್ತದೆ. ಅದಕ್ಕೆ ಹತ್ತು ವರ್ಷ ಮೊದಲು, 916ರ ಸುಮಾರಿಗೆ, ಮಸೂದಿಯು ಚೇಮೂಲದ ರೇವಿಗೆ ಬಂದಿದ್ದನು. ಅಲ್ಲಿ ನೆಲೆಸಿದ್ದ ಅರಬರ ವಿಚಾರವನ್ನು ಕಣ್ಣಾರೆ ಕಂಡು ಬರೆದವನು, ಮಾನಕೀರದ ವಿಷಯಕ್ಕೆ ಬಂದಾಗ ಅದು ಸಮುದ್ರದಿಂದ ಎಂಬತ್ತು ಸಿಂಧೀ ಹರಿದಾರಿ, ಹರಿದಾರಿಯೊಂದಕ್ಕೆ ಎಂಟು ಮೈಲಿ, ಎಂದು ಲೆಕ್ಕವನ್ನು ಕೊಡುತ್ತಾನೆ. ನಿಜಕ್ಕೂ ಅಷ್ಟು ದೂರವಿಲ್ಲ. ಒಳನಾಡಿನ ರಾಜಧಾನಿಗಳು ರೇವಿನ ಮಾತಿನಲ್ಲಿ ಯಾವಾಗಲೂ ದೂರ, ಯಾವಾಗಲೂ ದೊಡ್ಡವು.

ಈಗ ಪ್ರಯಾಣದ ದಿಕ್ಕು ತಿರುಗಿದೆ. ಆ ವರ್ತಕರ ಹಡಗುಗಳು ಹೊರಡುತ್ತಿದ್ದ ಕೊಲ್ಲಿಗೆ ನಮ್ಮವರು ಹೋಗುತ್ತಾರೆ. ಕಳೆದ ಮಾಘಮಾಸದಲ್ಲಿ ನಾನೂ ಬಹ್ರೇನ್ ದ್ವೀಪಕ್ಕೆ ಹೋಗಿ, ಅಲ್ಲಿ ಉದ್ಯೋಗದಲ್ಲಿರುವ ತಂಗಿಯ ಮಗನ ಮನೆಯಲ್ಲಿ ಹನ್ನೆರಡು ದಿನ ಇದ್ದು ಬಂದೆನು. ಮರಳಿದ ಮೇಲೆ ಊರವರು ಕೇಳಿದುದು ಮೂರೇ ಮಾತು: ಬಂಗಾರದ ದರವೆಷ್ಟು, ಕಟ್ಟಡಗಳಿಗೆ ಅಂತಸ್ತುಗಳೆಷ್ಟು, ಪಗಾರವೆಷ್ಟು. ಈ ಮೂರಕ್ಕೂ ಉತ್ತರವು ಹೋಗಿಬಂದವರೆಲ್ಲರ ಬಾಯಲ್ಲೂ ದೊರೆಯುವುದರಿಂದ ಇಲ್ಲಿ ಬರೆಯುವುದಿಲ್ಲ.

ಬಹ್ರೇನ್ ಎಂದರೆ ‘ಎರಡು ಕಡಲು’. ದ್ವೀಪಗಳೆಲ್ಲವನ್ನೂ ಕೂಡಿಸಿದರೂ ಅದು ನಮ್ಮ ಕಲಬುರಗಿ ಜಿಲ್ಲೆಯ ಹತ್ತರಲ್ಲೊಂದು ಪಾಲು ಆಗದು. ಹಿಂದೆ ಅಲ್ಲಿ ಉಪ್ಪುಕಡಲಿನ ತಳದಲ್ಲಿಯೇ ಸಿಹಿನೀರಿನ ಊಟೆಗಳು ಚಿಮ್ಮುತ್ತಿದ್ದವು. ಮುತ್ತು ಹೆಕ್ಕುವವರು ಚರ್ಮದ ಚೀಲದೊಡನೆ ಮುಳುಗಿ ಕುಡಿಯುವ ನೀರನ್ನು ತುಂಬಿ ತರುತ್ತಿದ್ದರು. ಆ ಮುತ್ತಿಗೆ ಪೇಟೆ ಮುಂಬಯಿ. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಬಂದು ಆ ಕಸುಬು ಕುಸಿಯಿತು. 1932ರಲ್ಲಿ ಜಬಲ್ ದುಖಾನ್ ಗುಡ್ಡದ ಬಳಿ ಎಣ್ಣೆ ಸಿಕ್ಕಿತು. ಕೊಲ್ಲಿಯ ಅರಬ್ ದಡದಲ್ಲಿ ಮೊದಲು ಎಣ್ಣೆ ದೊರೆತುದು ಅಲ್ಲಿಯೇ. 1965ರಲ್ಲಿ ದೀನಾರು ಬರುವ ತನಕ ಅಲ್ಲಿ ನಡೆಯುತ್ತಿದ್ದುದು ರೂಪಾಯಿ ಎಂದರೆ ನಮ್ಮ ಹುಡುಗರು ನಂಬುವುದಿಲ್ಲ. ಊಟೆಗಳು ಬಹುಮಟ್ಟಿಗೆ ಬತ್ತಿಹೋಗಿ, ಈಗ ಕಡಲಿನ ನೀರನ್ನೇ ಉಪ್ಪು ತೆಗೆದು ಕುಡಿಯುತ್ತಾರೆ.

ಬಹ್ರೇನಿನ ಕೋಟೆಯ ದಿಬ್ಬವನ್ನು ಎರಡು ಸಲ ನೋಡಿದೆನು. 1953ರಲ್ಲಿ ಡೆನ್ಮಾರ್ಕಿನ ಗ್ಲೋಬ್ ಮತ್ತು ಬಿಬಿ ಎಂಬ ಪಂಡಿತರು ಆರಂಭಿಸಿದ ಅಗೆತದಿಂದ ಅಲ್ಲಿ ಪಟ್ಟಣದ ಮೇಲೆ ಪಟ್ಟಣವು ಪದರಪದರವಾಗಿ ಬೆಳಕಿಗೆ ಬಂತು. ನಾಲ್ಕು ಸಾವಿರ ವರ್ಷದ ಹಿಂದಿನ ದಿಲ್ಮೂನ್ ವರ್ತಕರು ತೂಗುತ್ತಿದ್ದುದು ಸಿಂಧೂ ನದಿಯ ಕಡೆಯ ತೂಕದ ಕಲ್ಲುಗಳಿಂದ. ಅಲ್ಲಿ ನಿಂತಾಗ, 972ರಲ್ಲಿ ಪರಮಾರ ಸೀಯಕನು ಸೂರೆಮಾಡಿದ ನಮ್ಮ ಪಟ್ಟಣದ ನೆನಪು ಬಾರದಿರಲಿಲ್ಲ. ಕಾಗಿಣಾ ದಂಡೆಯ ನಮ್ಮ ಕೋಟೆಯ ಒಳಗೆ ಎಷ್ಟು ಪದರಗಳಿವೆಯೋ! ಆ ಸೀಮೆಯ ಕಲ್ಲಿಗೆ ಸದ್ಯಕ್ಕೆ ಗಿರಾಕಿ ಸಿಮೆಂಟಿನ ಕಾರ್ಖಾನೆ ಮಾತ್ರ.

ದ್ವೀಪದ ದಕ್ಷಿಣದ ಮರಳಿನಲ್ಲಿ, ಸುತ್ತ ಇನ್ನೊಂದು ದೊಡ್ಡ ಮರವಿಲ್ಲದೆಡೆ, ಒಂಟಿ ಮರವೊಂದಿದೆ. ‘ಜೀವವೃಕ್ಷ’ವೆಂಬ ಅರ್ಥದ ಹೆಸರಿನಿಂದ ಅದನ್ನು ಕರೆಯುತ್ತಾರೆ. ನಾಲ್ಕುನೂರು ವರ್ಷದ್ದೆನ್ನುತ್ತಾರೆ. ಹತ್ತಿರ ಹೋಗಿ ಎಲೆಯನ್ನು ನೋಡಿದರೆ, ಅದು ನಮ್ಮ ಬನ್ನಿ! ಮಹಾನವಮಿಯ ಮರುದಿನ ಸೀಮೆ ದಾಟಿ ಹೋಗಿ, ಎಲೆ ತಂದು, ಬಂಗಾರವೆಂದು ಹಿರಿಯರ ಕೈಗಿತ್ತು ಕಾಲು ಮುಟ್ಟುವ ಅದೇ ಬನ್ನಿ. ಜೊತೆಗಿದ್ದ ಪ್ರವಾಸಿಗರು ನೀರಿಲ್ಲದೆ ಬದುಕಿದ ವಿಸ್ಮಯಕ್ಕಾಗಿ ಚಿತ್ರ ತೆಗೆದುಕೊಳ್ಳುತ್ತಿದ್ದರು. ಬನ್ನಿಯ ಬೇರು ಎಷ್ಟು ಆಳಕ್ಕೆ ಹೋಗುವುದೆಂಬುದನ್ನು ನಮ್ಮ ಕಡೆಯ ರೈತನಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಬೇಲಿಯ ಹೊರಗೆ ಉದುರಿದ್ದ ನಾಲ್ಕು ಎಲೆಗಳನ್ನು ಆಯ್ದು ಪುಸ್ತಕದಲ್ಲಿಟ್ಟುಕೊಂಡೆನು.

ಆ ದೇಶದ ಜನಸಂಖ್ಯೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೊರಗಿನವರು; ಅವರಲ್ಲಿ ಭಾರತೀಯರೇ ಬಹಳ. ರಾಜಧಾನಿಯಾದ ಮನಾಮಾದಲ್ಲಿ ಕನ್ನಡ ಸಂಘವೂ ಉಂಟು. ಅದರಲ್ಲಿ ಕರಾವಳಿಯವರು ಹೆಚ್ಚು. ಶುಕ್ರವಾರ ಕೂಲಿಯವರಿಗೆ ರಜೆ. ಹಳೆಯ ಪೇಟೆಯ ಬಾಬ್ ಅಲ್ ಬಹ್ರೇನ್ ಹೆಬ್ಬಾಗಿಲಿನ ಸುತ್ತ ನಿಂತು, ಕುಳಿತು, ಊರಿಗೆ ಮಾತನಾಡುವ ಸಾವಿರಾರು ಜನರ ನಡುವೆ ಹಾಯುವಾಗ, ನಾನು ಸೋದರಳಿಯನೊಡನೆ ಆಡಿದ ಮಾತು ಕೇಳಿ ಒಬ್ಬ ತರುಣನು ಎದ್ದು ಬಂದನು.

“ಕಾಕಾ, ಸೇಡಂ ಕಡೇರೇನ್ರಿ?”

ಅವನು ಶಹಾಬಾದದಲ್ಲಿ ಫರಸಿ ಕಡಿಯುತ್ತಿದ್ದವನು. ಅಲ್ಲಿ ನೆಲಕ್ಕೆ ಟೈಲ್ಸು ಕೂಡಿಸುತ್ತಾನೆ. ತನ್ನ ಕೆಲಸದ ಮಾತನ್ನು ಅವನಾಗಿ ಎತ್ತಲಿಲ್ಲ. ಈ ಸಲ ತೊಗರಿ ಹ್ಯಾಂಗ ಬಂದಾದ, ಕಾಗಿಣಾದಾಗ ನೀರವ ಇಲ್ಲೋ, ಎಂದು ಕೇಳಿದನು. ನಾನೇ ಒತ್ತಾಯಿಸಿ ಅವನ ವಸತಿಗೆ ಹೋಗಿ ನೋಡಿದೆನು. ಒಂದು ಖೋಲಿಯಲ್ಲಿ ಆರು ಮಂದಿ, ಮಂಚದ ಮೇಲೆ ಮಂಚ. ಬೇಸಿಗೆಯ ನಡುಹಗಲಿನಲ್ಲಿ ಬಯಲಿನ ಕೆಲಸವನ್ನು ಅಲ್ಲಿಯ ಕಾಯಿದೆ ನಿಷೇಧಿಸಿದೆ; ಆದರೆ ಖೋಲಿಯ ಸೆಕೆಗೆ ಕಾಯಿದೆಯಿಲ್ಲ. ಗೋಡೆಗೆ ಶರಣಬಸವೇಶ್ವರರ ಪಟವೊಂದು ತೂಗುತ್ತಿತ್ತು. ಹೊರಡುವಾಗ ಅವನು ತಾಯಿಗೆಂದು ಖಜೂರದ ಪೊಟ್ಟಣವನ್ನು ಕೈಗಿತ್ತು, “ಅವ್ವಗ ಚಂದ ಅದಾನಂತ ಹೇಳ್ರಿ. ಖೋಲಿ ಮಾತು ಎತ್ತಬ್ಯಾಡ್ರಿ ಕಾಕಾ” ಎಂದನು.

ಅವನ ಊರು ಸೇಡಂನಿಂದ ಬಹಳ ದೂರವಿಲ್ಲ. ನಾನು ಹೋದಾಗ ಆ ತಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮಗನು ಚೆನ್ನಾಗಿದ್ದಾನೆಂದೆನು. ಸಮುದ್ರವನ್ನೂ ಸೇತುವೆಯನ್ನೂ ವರ್ಣಿಸಿದೆನು. ಮರಳಿನ ನಡುವೆ ಬನ್ನಿಯಿದೆಯೆಂದಾಗ ಮಾತ್ರ ಒಮ್ಮೆ ತಲೆಯೆತ್ತಿ ನೋಡಿದಳು. ಎಲ್ಲವನ್ನೂ ಕೇಳಿ, ಮೊರವನ್ನು ಕೆಳಗಿಟ್ಟು, “ಒಂದ್ ಖೋಲ್ಯಾಗ ಎಷ್ಟ್ ಮಂದಿ ಮಲಗ್ತಾರ್ರಿ?” ಎಂದು ಕೇಳಿದಳು. ಅವಳಿಗೆ ಇದನ್ನು ಯಾರು ಹೇಳಿದ್ದರೋ. ಹುಡುಗನಿಗೆ ಕೊಟ್ಟ ಮಾತು ನೆನಪಿನಲ್ಲಿತ್ತು. ಆದರೆ ತಾಯಿ ನೇರವಾಗಿ ಕೇಳಿರುವಾಗ ರೇವಿನ ಮಾತನ್ನು ಹೇಳುವುದು ನನ್ನಿಂದಾಗಲಿಲ್ಲ.

“ಆರು ಮಂದಿ, ಯವ್ವಾ.”

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕುವವಳಂತೆ ಕುಳಿತಳು. “ಹಂಗಾದ್ರ ಚಲೋ ಆಯ್ತು ಬಿಡ್ರಿ. ಜ್ವರ ಬಂದ್ರ ಯಾರಾರೆ ನೀರು ಕೊಡ್ತಾರ” ಎಂದು ಹೇಳಿ, ನನಗೆ ಚಹಾ ಇಡಲು ಎದ್ದಳು.