ಇಸೆ: ಮುಪ್ಪಾಗದ ದೇಗುಲ

ಜಪಾನಿನ ಮಿಯೆ ಪ್ರಾಂತದಲ್ಲಿರುವ ಇಸೆ, ಶಿಂತೋ ಧರ್ಮೀಯರ ಪರಮಪವಿತ್ರ ಕ್ಷೇತ್ರ. ಅಲ್ಲಿ ಚಿಕ್ಕವು ದೊಡ್ಡವು ಸೇರಿ 125 ಗುಡಿಗಳಿವೆ. ಅನ್ನಾಹಾರಗಳ ದೇವತೆಯಾದ ತೊಯೊಉಕೆಯ ಹೊರಗುಡಿಯನ್ನು ಮೊದಲು ದರ್ಶಿಸಿ, ಅನಂತರ ಅಮತೆರಾಸುವಿನ ಒಳಗುಡಿಗೆ ತೆರಳುವುದು ರೂಢಿ. ಅಮತೆರಾಸು ಎಂದರೆ ಸೂರ್ಯ. ಜಪಾನೀಯರ ಸೂರ್ಯನು ದೇವನಲ್ಲ, ದೇವಿ!

ಇಸುಜು ನದಿಯ ಮೇಲಿನ ಮರದ ಸೇತುವೆಯನ್ನು ದಾಟಿದ ಯಾತ್ರಿಕರು ಹೊಳೆಯ ನೀರಿನಲ್ಲಿ ಕೈ ತೊಳೆದು, ಮುಗಿಲು ಮುಟ್ಟುವ ಮರಗಳ ನಡುವೆ ಸಾಗುತ್ತಾರೆ. ಕಾಲಡಿಯ ಜಲ್ಲಿಯ ಸದ್ದೊಂದೇ ಅಲ್ಲಿಯ ಮಂಗಳವಾದ್ಯ. ಕಲ್ಲುಮೆಟ್ಟಿಲುಗಳ ಮೇಲೆ, ಬಾಗಿಲಿಗೆ ಇಳಿಬಿಟ್ಟ ಬಿಳಿಯ ತೆರೆಯ ಮುಂದೆ, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ನಮಿಸುತ್ತಾರೆ. ಒಳಗಿನ ಪವಿತ್ರ ದರ್ಪಣವು ಯಾರ ಕಣ್ಣಿಗೂ ಬೀಳದು. ಬೇಲಿಗಳಾಚೆ ತೋರುವುದು ಹುಲ್ಲುಹೊದಿಕೆಯ ಮಾಡು, ಬಣ್ಣ ಕಾಣದ ಮರ, ಇಷ್ಟೆ.

ಶಿಲೆಯೇ ಶಾಶ್ವತವೆಂದು ನಂಬಿದವರಿಗೆ ಇಸೆ ಬೇರೊಂದು ಪಾಠವನ್ನು ಹೇಳುತ್ತದೆ. ಇಲ್ಲಿಯ ಕಂಬಗಳಿಗೆ ಕಲ್ಲಿನ ಪೀಠವಿಲ್ಲ. ನೆಲದಲ್ಲಿ ನೆಟ್ಟವು ಅವು, ಕಾಲಾಂತರದಲ್ಲಿ ಕೊಳೆಯಲೇಬೇಕು. ಆದುದರಿಂದ ಇಪ್ಪತ್ತು ವರ್ಷಕ್ಕೊಮ್ಮೆ, ಪಕ್ಕದ ಬರಿದಾದ ನಿವೇಶನದಲ್ಲಿ ಅದೇ ಅಳತೆಯ ಹೊಸ ಗುಡಿಯನ್ನು ಕಟ್ಟಿ, ಇರುಳಿನಲ್ಲಿ ದೇವಿಯನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ. ಜಿತೊ ರಾಣಿಯ ಕಾಲದಲ್ಲಿ, ಕ್ರಿ. ಶ. 690ರಲ್ಲಿ, ಮೊದಲಾದ ಈ ಕ್ರಮದ 62ನೆಯ ಆವೃತ್ತಿ ನಡೆದುದು 2013ರಲ್ಲಿ, ಮುಂದಿನದು 2033ಕ್ಕೆ. ಒಂದು ಆವೃತ್ತಿಯಲ್ಲಿ ಉಳಿ ಹಿಡಿಯಲು ಕಲಿತ ಬಡಗಿ ಮುಂದಿನದರಲ್ಲಿ ತಾನೇ ಗುರುವಾಗುತ್ತಾನೆ. ವಿದ್ಯೆ ಕೈಯಿಂದ ಕೈಗೆ ಉಳಿದುಬಂದಿದೆ.

ಹಾಗೆಂದು ಈ ಸರಣಿ ಎಂದೂ ಕಡಿಯಲಿಲ್ಲವೆಂದಲ್ಲ. ಪಾಳೆಯಗಾರರ ಅಂತಃಕಲಹದ ಯುಗದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಇದು ನಿಂತುಹೋಗಿತ್ತು. ಮಹಾಯುದ್ಧದಲ್ಲಿ ಸೋತ ದೇಶಕ್ಕೆ 1949ರಲ್ಲಿ ಗುಡಿ ಕಟ್ಟುವ ಚೈತನ್ಯವಿರಲಿಲ್ಲ. ಆ ವರ್ಷ ಜನರು ಸೇತುವೆಯೊಂದನ್ನಾದರೂ ಹೊಸದಾಗಿ ಕಟ್ಟಿದರು. ಗುಡಿ ಎದ್ದುದು 1953ರಲ್ಲಿ.

ಪ್ರತಿ ಸಲವೂ ಹತ್ತು ಸಾವಿರಕ್ಕೂ ಮಿಗಿಲಾಗಿ ಹಿನೊಕಿ ಮರಗಳು ಬೇಕು. ಹತ್ತಿರದ ಕಾಡು ಬರಿದಾದಾಗ ದೂರದ ಕಿಸೊ ಬೆಟ್ಟಗಳಿಂದ ದಿಮ್ಮಿಗಳನ್ನು ತರಿಸಬೇಕಾಯಿತು. ಅದಕ್ಕಾಗಿಯೇ 1923ರಲ್ಲಿ, ಇನ್ನೂರು ವರ್ಷಗಳ ಮುಂದಣ ದೃಷ್ಟಿಯಿಟ್ಟು, ಇಸೆಯ ಕಾಡಿನಲ್ಲಿಯೇ ಸಸಿ ನೆಡುವ ಯೋಜನೆಯನ್ನು ಕೈಗೊಂಡರು. ನೆಟ್ಟವರು ಆ ಮರಗಳ ಹೆಗ್ಗಂಬಗಳನ್ನು ನೋಡಲಾರರೆಂಬುದು ಅವರಿಗೆ ತಿಳಿದಿತ್ತು.

ಹಳೆಯ ಗುಡಿಯ ಮರವೂ ವ್ಯರ್ಥವಾಗದು. ಮಾಡಿನ ಬೆನ್ನನ್ನು ಹೊತ್ತ ಕಂಬಗಳು ಸೇತುವೆಯ ಎರಡು ತುದಿಗಳ ತೋರಣದ್ವಾರಗಳಾಗಿ ಇನ್ನಿಪ್ಪತ್ತು ವರ್ಷ ಯಾತ್ರಿಕರನ್ನು ಸ್ವಾಗತಿಸುತ್ತವೆ; ಅನಂತರ ಬೇರೆ ಊರುಗಳ ಹೆಬ್ಬಾಗಿಲುಗಳಾಗಲು ಹೊರಡುತ್ತವೆ.