ಸೆನ್ಸೇ ಅಂದ್ರ ಅಕ್ಕೋರು

ಈ ಸಲ ಬ್ಯಾಸಗಿ ಸೂಟಿಗೆ ದೇವದುರ್ಗದಿಂದ ನಮ್ಮ ಮೈದುನನ ಮಗಳು ಬಂದಿದ್ಲು. ಏಳನೇತ್ತ ಮುಗಿಸ್ಯಾಳ, ಹನ್ನೆರಡು ತುಂಬ್ಯಾವ. ನನ್ನ ಮಗಳಿಗೆ ಹದಿನಾಕು. ರಾಯಚೂರಿನ ಬಿಸಲು ನಿಮಗ ಹೇಳೂದೇನದ, ಹಗಲೆಲ್ಲಾ ಇಬ್ರೂ ಕೂಲರ್ ಮುಂದ ಬಿದ್ಕೊಂಡಿರೋರು, ಹೊತ್ತು ಮುಳುಗಿದ್ರ ಮಾಳಗಿ ಏರೋರು. ಮ್ಯಾಲೆ ಕರಾಟೆ. ಧಡ್ ಧಡ್ ಅಂತ ಸಪ್ಪಳ, ನಡುವ ಒಂದೊಂದು ಚೀರಾಟ. ಕೆಳಗ ಅಡಗಿಮನ್ಯಾಗ ನನ್ನ ರೊಟ್ಟಿಗೆ ಸುಣ್ಣದ ಪುಡಿ ಉದುರ್ತಿತ್ತು.

ಒಂದಿನ ಸಂಜಿಕ ಶಂಡಿಗಿ ತಗೊಂಡು ಬರೋಣಂತ ಮ್ಯಾಲೆ ಹೋದ್ರ ಇಬ್ರೂ ಮಾರಿ ಗಂಟ ಹಾಕ್ಕೊಂಡು ಒಂದೊಂದು ಮೂಲಿಗೆ ಕುಂತಿದ್ರು.

"ಅವ್ವಾ, ಇಕಿ ನನಗ ಬಗ್ಗಿ ನಮಸ್ಕಾರ ಮಾಡು ಅಂತಾಳ ನೋಡು. ನನಗಿಂತ ಎರಡು ವರ್ಷ ಸಣ್ಣಾಕಿ!"

"ದೊಡ್ಡವ್ವಾ, ನಂದು ಹಳದಿ ಬೆಲ್ಟ್, ಅಕ್ಕಂದು ಇನ್ನಾ ಬಿಳೇದು. ನಾ ಆಕಿಗೆ ಸೆನ್‌ಪೈ ಆಗ್ಬೇಕು."

ಸೆನ್‌ಪೈ ಅಂದ್ರ ಯಾವುದೋ ಸಾಬೂನಿನ ಹೆಸರಿರಬೇಕು ಅನ್ಕೊಂಡೆ ನಾನು. ಇಬ್ರಿಗೂ ಒಂದೊಂದು ಬೈದು, ಶಂಡಿಗಿ ಡಬ್ಬಿ ಕೈಯಾಗ ಕೊಟ್ಟು ಕೆಳಗ ಕಳಿಸಿದೆ.

ಮೈದುನನ ಮಗಳು ವಸತಿ ಶಾಲಿಯೊಳಗ ಓದತಾಳ. ಸಮಾಜ ಕಲ್ಯಾಣ ಇಲಾಖೆಯವರು ಆ ಶಾಲಿಗಳಾಗಿನ ಹೆಣ್ಮಕ್ಕಳಿಗೆ ಓಬವ್ವ ಆತ್ಮರಕ್ಷಣಾ ಕಲೆ ಅಂತ ಹೆಸರಿಟ್ಟು ಕರಾಟೆ ಕಲಿಸ್ತಾರ. ಒನಕಿ ಹಿಡಿದ ಚಿತ್ರದುರ್ಗದಾಕಿ ಹೆಸರು, ವಿದ್ಯಾ ಜಪಾನಿಂದು. ಒಳ್ಳೇ ಬೀಗತನ ಆಗ್ಯಾದ. ಆಕಿ ಆರನೇತ್ತದಾಗ ಶುರು ಮಾಡ್ಯಾಳ. ನನ್ನ ಮಗಳು ಇಲ್ಲಿ ಊರಾಗ ಕ್ಲಾಸಿಗೆ ಸೇರಿ ಮೂರು ತಿಂಗಳಾಗಿತ್ತು, ಅದೂ ತಂಗೀನ ನೋಡಿ ಹಟ ಹಿಡಿದು ಸೇರಿದ್ದು.

ಮರುದಿನ ಮಗಳನ್ನ ಕ್ಲಾಸಿಗೆ ಬಿಡಾಕ ಹೋದಾಕಿ ಅಲ್ಲೇ ಕುಂತೆ. ಕಲಿಸೋ ಹುಡುಗಿಗೆ ಇಪ್ಪತ್ಮೂರು ಇರಬೇಕು, ನೋಡಾಕ ಇನ್ನಾ ಕಾಲೇಜಿನಾಕಿ ಹಂಗ ಕಾಣ್ತಾಳ. ಮಕ್ಕಳು ಎತ್ತರ ನೋಡಿ ನಿಂದ್ರಂಗಿಲ್ಲ, ವಯಸ್ಸು ನೋಡಿ ನಿಂದ್ರಂಗಿಲ್ಲ. ಬೆಲ್ಟ್ ನೋಡಿ ನಿಂದರತಾರ. ಮುಂದ ಒಂದು ಗಿಡ್ಡ ಪಾರು, ಹಿಂದ ಮೀಸಿ ಮೂಡಿದ ಹುಡುಗರು. ಎಲ್ಲಾರೂ ಮೊಣಕಾಲೂರಿ ಕುಂತ ಮ್ಯಾಲೆ ಆ ಹುಡುಗಿ ಮಕ್ಕಳಿಗೆ ಬೆನ್ನ ಮಾಡಿ ಕುಂತ್ಲು. ಮೊದಲ ಆಕಿ, ಆಕಿ ಸಂಗಟ ಮಕ್ಕಳೆಲ್ಲಾ, ಗೋಡಿ ಮ್ಯಾಗಿನ ಒಬ್ಬ ಮುದುಕನ ಫೋಟೋಕ್ಕ ಬಗ್ಗಿದ್ರು. ಆಮ್ಯಾಲೆ ಆಕಿ ಈ ಕಡಿ ತಿರುಗಿದ್ಲು. ಒಬ್ಬ ಹುಡುಗ "ಸೆನ್ಸೇ ನಿ ರೇ" ಅಂತ ಒದರಿದ. ಮಕ್ಕಳು ಆಕಿಗೆ ಬಗ್ಗಿದ್ರು, ಆಕಿನೂ ಮಕ್ಕಳಿಗೆ ಬಗ್ಗಿದ್ಲು.

ಮುಗಿದ ಮ್ಯಾಲೆ ಕೇಳಿದೆ, ಸೆನ್ಸೇ ಅಂದ್ರೇನವ್ವಾ ಅಂತ.

"ಆಂಟಿ, ಸೆನ್ ಅಂದ್ರ ಮೊದಲು. ಸೇ ಅಂದ್ರ ಹುಟ್ಟು. ಮೊದಲ ಹುಟ್ಟಿದವರು ಅಂತ ಅರ್ಥ."

"ಹಂಗಾರ ನಾನಽ ನಿನಗ ಸೆನ್ಸೇ ಆದ್ನಲ್ಲ. ಹದಿನೈದು ವರ್ಷ ಮೊದಲ ಹುಟ್ಟೀನಿ!"

ಆಕಿ ನಕ್ಕಳು. "ಅಡಗಿಗೆ ಕೂತ್ರ ನೀವ ಸೆನ್ಸೇ, ಆಂಟಿ. ಈ ದಾರಿಯೊಳಗ ಮೊದಲ ಹುಟ್ಟಿದವರು ಅಂತ ತಿಳ್ಕೋಬೇಕು. ಬಿಳೇ ಬೆಲ್ಟ್ ಕಟ್ಟಿದ್ದ ದಿನಾನಽ ಇಲ್ಲಿ ಹುಟ್ಟಿದ ದಿನ."

ಸೆನ್‌ಪೈ ಅನ್ನೂದ್ರಾಗೂ ಅದೇ ಸೆನ್ ಅದ ಅಂತ. ತನಗಿಂತ ಮೊದಲ ಬಂದು ಸೇರಿದವರು ಸೆನ್‌ಪೈ, ಹಿಂದಿಂದ ಬಂದವರು ಕೋಹೈ.

ಮನಿಗೆ ಬರೂ ದಾರ್ಯಾಗ ನನಗ ನೆನಪಾದದ್ದು ನಮ್ಮ ಅಕ್ಕೋರು. ನಮ್ಮ ಕಡಿ ಸಾಲ್ಯಾಗ ಕಲಿಸೋ ಹೆಣ್ಮಕ್ಕಳಿಗೆ ಟೀಚರ್ ಅನ್ನೂದು ಈಗ ಬಂದದ್ದು. ನಾವೆಲ್ಲಾ ಅಕ್ಕೋರಽ ಅಂದೋರು. ಮಾನ್ವ್ಯಾಗ ನನಗ ಒಂದನೇತ್ತಕ್ಕ ಬಂದಾಕಿ ಆಗಷ್ಟೇ ಟ್ರೇನಿಂಗ್ ಮುಗಿಸಿದ ಹುಡುಗಿ. ಆದ್ರ ನಮ್ಮಜ್ಜಿನೂ ಆಕಿಗೆ "ಬರ್ರಿ ಅಕ್ಕೋರ, ನೀರ ಕುಡೀರಿ" ಅಂತಿದ್ಲು. ಎಪ್ಪತ್ತರ ಮುದುಕಿಗೆ ಇಪ್ಪತ್ತರಾಕಿ ಅಕ್ಕ! ಅಕ್ಷರದ ದಾರ್ಯಾಗ ಆಕಿ ಮೊದಲ ಹುಟ್ಯಾಳಲ್ಲ, ನಮ್ಮಜ್ಜಿ ಹುಟ್ಟಿದ್ದೇ ಇಲ್ಲ. ಜಪಾನಿನವರು ಎರಡು ಅಕ್ಷರದಾಗ ಬರಕೊಂಡದ್ದನ್ನ ನಮ್ಮವರು ಒಂದು ಮಾತಿನಾಗ ಇಟ್ಟಿದ್ರು. ಗರಡಿಮನಿ ವಸ್ತಾದ ಅನ್ನೂ ಮಾತಿನಾಗ ಈ ಹುಟ್ಟಿನ ಲೆಕ್ಕ ಇಲ್ಲ, ಅದು ಉರ್ದುವಿನ ಉಸ್ತಾದ್.

ಗೋಡಿ ಮ್ಯಾಗಿನ ಮುದುಕ ಯಾರಂತ ಮಗಳ ಹೇಳಿದ್ಲು. ಫುನಾಕೋಶಿ ಗಿಚಿನ್ ಅಂತ, ಓಕಿನಾವಾ ನಡುಗಡ್ಡ್ಯಾಗಿನವರು, 1922ರಾಗ ಟೋಕಿಯೋಕ್ಕ ಹೋಗಿ ಕರಾಟೆ ಮಾಡಿ ತೋರಿಸಿದವರು. ಅವರು ಏನು ಕೆಲಸ ಮಾಡ್ತಿದ್ರು ಗೊತ್ತೇನ್ರಿ? ಸಾಲಿ ಮಾಸ್ತರಕಿ. 1882ರಾಗ ಜೂಡೋದ ಕೊಡೊಕಾನ್ ತೆಗೆದ ಕಾನೊ ಜಿಗೊರೊ ಅವರೂ ಮಾಸ್ತರೇ. ಜಪಾನಿನಾಗ ಡಾಕ್ಟರಿಗೂ ವಕೀಲರಿಗೂ ಕತಿ ಬರೆಯೋರಿಗೂ ಸೆನ್ಸೇ ಅಂತಾರ. ಆದ್ರ ಯಾರೂ ತಮ್ಮ ಹೆಸರಿಗೆ ತಾವಽ ಅದನ್ನ ಹಚ್ಚಿಕೊಳ್ಳಂಗಿಲ್ಲ, ಮಂದಿ ಅನ್ನಬೇಕು. ಈ ಮಾತು ನನಗ ಭಾಳ ಸೇರಿತು.

ರಾತ್ರಿ ಊಟಕ್ಕ ಕುಂತಾಗ ಮಗಳಿಗೆ ತಿಳಿಸಿ ಹೇಳೋಣಂತ ನನ್ನ ತವರಿನ ಕತಿ ತೆಗೆದೆ. ಜಗನ್ನಾಥದಾಸರದು. ಹರಿಕಥಾಮೃತಸಾರ ಬರೆದೋರು, ಹುಟ್ಟಿದ್ದು ಮಾನ್ವಿ ತಾಲೂಕಿನ ಬ್ಯಾಗವಾಟದಾಗ. ದಾಸರಾಗೂದಕ್ಕಿಂತ ಮೊದಲ ಶ್ರೀನಿವಾಸಾಚಾರ್ಯ ಅಂತ ದೊಡ್ಡ ಪಂಡಿತರು. ಕನ್ನಡದಾಗ ಹಾಡಿಕೊಂತ ತಿರುಗೂ ದಾಸರಂದ್ರ ಅವರಿಗೆ ಅಷ್ಟಕ್ಕಷ್ಟೆ. ಚೀಕಲಪರ್ವಿ ವಿಜಯದಾಸರು ಊಟಕ್ಕ ಕರೆದ್ರ, ಹೊಟ್ಟಿನೋವಿನ ನೆಪ ಹೇಳಿ ಹೋಗ್ಲಿಲ್ಲಂತ. ಆಮ್ಯಾಲೆ ಖರೇನಽ ಹೊಟ್ಟಿಬ್ಯಾನಿ ಹತ್ತಿತು. ಏನು ಮಾಡಿದ್ರೂ ಹೋಗ್ಲಿಲ್ಲ. ಕಡೀಕ ವಿಜಯದಾಸರ ಕಾಲಿಗೆ ಬಂದ್ರ ಅವರು, ನನ್ನ ಶಿಷ್ಯ ಗೋಪಾಲದಾಸನ ಹಂತ್ಯಾಕ ಹೋಗು ಅಂದ್ರಂತ. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ವಯಸ್ಸಿನಾಗ ಆಚಾರ್ಯರಿಗೂ ಅವರಿಗೂ ಬರೇ ಕೆಲವು ವರ್ಷದ ಫರಕು. ಅಂಥಾ ಪಂಡಿತರು ಹೋಗಿ ಅವರ ಮುಂದ ಬಗ್ಗಿದ ಮ್ಯಾಲೇ ಜಗನ್ನಾಥದಾಸರು ಆದದ್ದು.

"ಅದಕ್ಕ ನಾನೂ ದೇವದುರ್ಗದಾಕಿ ಮುಂದ ಬಗ್ಗಬೇಕೇನು?" ಅಂದ್ಲು ನನ್ನ ಮಗಳು. ತಂಗಿ ಮಾರಿ ಮುಚ್ಚಿಕೊಂಡು ನಕ್ಕಳು. ಅಲ್ಲಿಗೆ ಅವರ ಜಗಳ ಮುಗೀತು. ಆದ್ರ ಮಗಳು ರೊಟ್ಟಿ ಮುರಕೊಂತ ಇನ್ನೊಂದು ಮಾತು ಕೇಳಿದ್ಲು.

"ಅವ್ವಾ, ಚಿಗವ್ವ ನಿನಗಿಂತ ನಾಕು ವರ್ಷ ದೊಡ್ಡಾಕಿ ಅಲ್ಲೇನು? ಮತ್ತ ಆಕಿ ಯಾಕ ನಿನಗ ಅಕ್ಕಾ ಅಂತಾಳ, ನಿನ್ನ ಕಾಲಿಗೆ ಬೀಳ್ತಾಳ?"

ಹಿರೇ ಸೊಸಿ, ಕಿರೇ ಸೊಸಿ ಅನ್ನೂದು ಹಂಗಽ ಅಲ್ರೀ? ಹತ್ತೊಂಬತ್ತಕ್ಕ ಈ ಮನಿ ತುಂಬಿದಾಕಿ ನಾನು. ಮೂರು ವರ್ಷದ ಮ್ಯಾಲೆ ನೆಗೆಣ್ಣಿ ಬಂದ್ಲು, ಇಪ್ಪತ್ತಾರು ವರ್ಷದಾಕಿ. ತಡ ಯಾಕಾತಂದ್ರ ಆಕಿ ತಾಯಿಗೆ ಲಕ್ವಾ ಹೊಡೆದು ಹಾಸಿಗಿ ಹಿಡಿದಿದ್ಲು, ಮೂರು ವರ್ಷ ಬಾಚಿ ಬಳಿದು ನೋಡಿಕೊಂಡವಳು ಈಕಿ. ಬಂದ ದಿನದಿಂದ ನನಗ ಅಕ್ಕಾ ಅಂದ್ಲು. ನಾನು ಹೆಸರು ಹಿಡಿದು ಕರೆದೆ. ನಾ ಸೆನ್‌ಪೈ, ಆಕಿ ಕೋಹೈ. ಅದ್ರಾಗ ನನಗ ತಪ್ಪೇನೂ ಕಂಡಿರ್ಲಿಲ್ಲ.

ನಾಕು ವರ್ಷದ ಹಿಂದ ನಮ್ಮತ್ತಿಗೆ ಲಕ್ವಾ ಆತು. ದವಾಖಾನಿಯಿಂದ ಮನಿಗೆ ತಂದ ದಿನ ನೆಗೆಣ್ಣಿ ದೇವದುರ್ಗದಿಂದ ಬಂದು ಎರಡು ದಿನ ಇದ್ಲು. ಹೋಗಾಗ ಅಂದ್ಲು: "ಅಕ್ಕಾ, ಎರಡು ತಾಸಿಗೊಮ್ಮೆ ಮಗ್ಗಲ ಬದಲಿ ಮಾಡ್ರಿ, ರಾತ್ರಿನೂ. ಹಿಮ್ಮಡ ಹಾಸಿಗಿಗೆ ತಾಗಬಾರ್ದು, ಕೆಳಗ ದಿಂಬ ಇಡ್ರಿ. ಗಾಳಿ ಹಾಸಿಗಿ ಒಂದು ತರಿಸ್ರಿ." ನನಗ ಸಿಟ್ಟು ಬಂತು. ಮೂರು ವರ್ಷ ಹಿಂದಿಂದ ಬಂದಾಕಿ ನನಗ ಅತ್ತಿ ಚಾಕರಿ ಕಲಿಸ್ತಾಳಾ ಅಂತ. "ನನಗ ಗೊತ್ತದ ಬಿಡು" ಅಂದೆ. ಮಗ್ಗಲ ಹೊರಳಿಸಿದ್ರ ಅತ್ತಿ ನರಳ್ತಿದ್ಲು, ಮಲಗಲಿ ಬಿಡಂತ ಅಂಗಾತನಽ ಬಿಟ್ಟೆ, ಪೌಡರ್ ಹಚ್ಚಿದೆ. ಇಪ್ಪತ್ತು ದಿನದಾಗ ಟೊಂಕದ ಕೆಳಗ ಕೆಂಪಾತು, ಆಮ್ಯಾಲೆ ಹುಣ್ಣು. ವಾಸನಿ ಬಂದಾಗಷ್ಟೇ ನನಗ ತಿಳೀತು.

ನೆಗೆಣ್ಣಿ ಬಂದ್ಲು. ಯಾಕ ಹಿಂಗ ಮಾಡಿದಿ ಅಂತ ಒಂದು ಮಾತು ಅನ್ನಲಿಲ್ಲ. ಸೆರಗು ಟೊಂಕಕ್ಕ ಸಿಗಿಸಿ, ಕೈ ತೊಳಕೊಂಡು ಕುಂತ್ಲು. ಡಾಕ್ಟರು ಹೇಳಿದಂಗ ಪಟ್ಟಿ ಹಾಕೂದು, ಗಡಿಯಾರ ನೋಡಿ ಮಗ್ಗಲ ಹೊರಳಿಸೂದು, ರಾತ್ರಿ ಮೊಬೈಲಿನಾಗ ಅಲಾರಂ ಇಟ್ಟು ಏಳೂದು. ಎರಡು ತಿಂಗಳು ತನ್ನ ಮನಿ ಬಿಟ್ಟು ಇದ್ಲು. ಹುಣ್ಣು ಮಾಯಿತು. ಅತ್ತಿ ಇನ್ನೊಂದೂವರಿ ವರ್ಷ ಇದ್ಲು, ಮತ್ತ ಆಕಿ ಮೈಮ್ಯಾಲೆ ಒಂದು ಗುಳ್ಳಿ ಏಳಲಿಲ್ಲ. ಊರಾಗ ಮಂದಿ ಮಾತ್ರ ಹಿರೇ ಸೊಸಿ ಭಾಳ ಚೊಲೋ ನೋಡಿಕೊಂಡ್ಲು ಅಂದ್ರು. ನಾನೂ ಹೂಂ ಅಂದೆ.

ಆವತ್ತು ರಾತ್ರಿ ಮಕ್ಕಳು ಮಲಗಿದ ಮ್ಯಾಲೆ ಫೋನ್ ಹಚ್ಚಿದೆ.

"ಅಕ್ಕಾ," ಅಂದೆ.

ಆ ಕಡಿ ಸುಮ್ಮನಿತ್ತು. ಆಮ್ಯಾಲೆ, "ಯಾರ್ರೀ?"

"ನಾನಽ, ರಾಯಚೂರಾಕಿ."

"ಅಯ್ಯ ಅಕ್ಕಾ, ಗಾಬರಿ ಆದ್ನಲ್ಲ! ಹುಡುಗಿ ಹುಷಾರದಾಳಿಲ್ಲ?"

ಹುಷಾರದಾಳ ಅಂದೆ. ಸೆನ್ಸೇ ಅಂದ್ರ ಏನಂತ ಹೇಳಿದೆ, ಅತ್ತಿ ಹುಣ್ಣಿನ ಮಾತೂ ಆಡಿದೆ, ಗಂಟಲ ಕಟ್ಟಿತು. ಆಕಿ ಪೂರಾ ಕೇಳಿದ್ಲು.

"ಹಂಗ ನನಗ ಅಕ್ಕಾ ಅನಬ್ಯಾಡ್ರಿ, ಮಂದಿ ನಗ್ತಾರ," ಅಂದ್ಲು. ಒಂದು ಗಳಿಗಿ ಬಿಟ್ಟು, "ಇಬ್ರೇ ಇದ್ದಾಗ ಬೇಕಾದ್ರ ಅನ್ನು."

ಹದಿನಾರು ವರ್ಷದಾಗ ಮೊದಲನೇ ಸಲ ನನಗ ಏಕವಚನದಾಗ ಮಾತಾಡಿದ್ಲು. ಆಮ್ಯಾಲೆ ಕೇಳಿದ್ಲು, ಶಂಡಿಗಿ ಮಾಳಗಿ ಮ್ಯಾಲಿಂದ ತಗದೀಯೇನು, ದೇವದುರ್ಗದಾಗ ಆಗಲೇ ಹನಿ ಬೀಳಾಕತ್ಯಾವ ಅಂತ.